ನಿಂತ ಯಂತ್ರವನ್ನು ನಡೆಸಿದವರು

ರಾಯಚೂರಿನ ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಬಂಡೆಯೊಂದುಂಟು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯು ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ಶಾಸನವು ಸಾರುತ್ತದೆ. ಚರಿತ್ರಕಾರರು ತೇದಿಯನ್ನೂ ಬಿರುದಾವಳಿಯನ್ನೂ ಬರೆದುಕೊಂಡು ಮುಂದೆ ಸಾಗುವುದು ವಾಡಿಕೆ. ಆದರೆ ಅಲ್ಲಿಯೇ ಗೋಡೆಯ ಮೇಲೆ ಕೊರೆದಿರುವ ಚಿತ್ರವೊಂದರಲ್ಲಿ, ನೀಳವಾದ ಬಂಡಿಯ ಮೇಲೆ ಹೇರಿದ ಆ ಮಹಾಶಿಲೆಯೂ, ಅದನ್ನೆಳೆಯುವ ಕೋಣಗಳ ದೀರ್ಘವಾದ ಸಾಲೂ, ಬಂಡಿಯ ಹಿಂದೆ ನಿಂತು ಚಕ್ರಗಳಿಗೆ ಮೀಟುಗೋಲು ಕೊಡುತ್ತಿರುವ ಜನರೂ ಕಾಣುತ್ತಾರೆ. ಕೋಟೆ ಕಟ್ಟಿಸಿದವನ ಹೆಸರು ಉಳಿಯಿತು, ಮೀಟುಗೋಲು ಹಿಡಿದವರ ಹೆಸರು ಉಳಿಯಲಿಲ್ಲ. ಆದರೂ ನಿಂತುಹೋದದ್ದನ್ನು ನಡೆಯುವಂತೆ ಮಾಡತಕ್ಕ ಕಸುಬುದಾರನಿಗೆ ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ ದೊರೆತಿರುವ ಹಳೆಯ ಸ್ಮಾರಕ ಆ ಚಿತ್ರವೇ ಎಂದು ನಾನು ಬಗೆದಿದ್ದೇನೆ.

ಈ ಲೇಖನದ ವಸ್ತು ಆ ಬಂಡೆಗಿಂತ ಬಹಳ ಹಗುರವಾದದ್ದು. ರಾಯಚೂರಿನ ತೀನ್ ಕಂದೀಲಿನ ಸುತ್ತಮುತ್ತ, ಸ್ಟೇಷನ್ ರಸ್ತೆಯ ಉದ್ದಕ್ಕೆ, ಮಾನ್ವಿ ದೇವದುರ್ಗಗಳ ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ, ಮೊಬೈಲು ಜೆರಾಕ್ಸುಗಳ ಅಂಗಡಿಗಳ ನಡುವಿನ ಇಕ್ಕಟ್ಟಿನಲ್ಲಿ ಒಂದು ಮೇಜು, ಒಂದು ದೀಪ, ಒಂದು ಮಲ್ಟಿಮೀಟರು ಇಟ್ಟುಕೊಂಡು ಕುಳಿತವರ ಮುಂದೆ ಬಂದು ಬೀಳುವ ದೂರು ಬಹುಮಟ್ಟಿಗೆ ಒಂದೇ: "ಅಣ್ಣಾ, ಇದು ಚಾಲೂನೇ ಆಗವಲ್ದು ನೋಡ್ರಿ." ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳ ಕೈಯಲ್ಲಿರುವ, ಇನ್ನಾರೋ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪು ಆ ದೂರಿನ ವಿಷಯ. ಅದನ್ನು ಮತ್ತೆ ಚಾಲೂ ಮಾಡುವ ವಿದ್ಯೆ ನಿನ್ನೆ ಮೊನ್ನೆಯದೆಂದು ಮೇಲ್ನೋಟಕ್ಕೆ ತೋರುವುದಾದರೂ, ಆ ವಿದ್ಯೆಯಲ್ಲಿ ಸಂಶಯಗಳು ಒಂದರ ಹಿಂದೊಂದು ಬರುವ ಕ್ರಮವೂ, ಅದಕ್ಕೆ ಬೇಕಾದ ಬಿಡಿಭಾಗಗಳು ಊರಿಗೆ ಬರುವ ಹಾದಿಯೂ ಯಂತ್ರಕ್ಕಿಂತ ಬಹಳ ಹಿಂದಿನವು. ಯಂತ್ರದ ಒಳಗನ್ನು ಶಂಕಿಸುವುದಕ್ಕೆ ಮೊದಲು ಅದರ ಹೊರಗನ್ನು, ಎಂದರೆ ಕರೆಂಟನ್ನೂ ಧೂಳನ್ನೂ ಬಿಸಿಲನ್ನೂ ಶಂಕಿಸತಕ್ಕದ್ದೆಂಬ ನಿಯಮವನ್ನು ಈ ಸೀಮೆಯ ರಿಪೇರಿಯವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಈ ಸೀಮೆಯೇ ಅವರಿಗೆ ಅದನ್ನು ಕಲಿಸಿತು.

ರೈಲು ಬರುವುದಕ್ಕೆ ಮುಂಚೆ ಇಲ್ಲಿ ಯಂತ್ರವೆಂದರೆ ಕೂರಿಗೆ, ನೇಗಿಲು, ಬಂಡಿ, ಗಾಣ, ಬಾವಿಯ ರಾಟೆ ಇಷ್ಟೇ. ಇವುಗಳನ್ನು ನೋಡಿಕೊಳ್ಳುತ್ತಿದ್ದ ಕಂಬಾರನಿಗೂ ಬಡಿಗನಿಗೂ ಒಂದೊಂದು ಕೆಲಸಕ್ಕೆ ಒಂದೊಂದು ಕೂಲಿ ಎಂಬುದಿರಲಿಲ್ಲ. ವರ್ಷವಿಡೀ ಅವರು ಕುಳ ಹಣಿದು, ಈಸು ಕೂಡಿಸಿ, ಗಾಲಿಗೆ ಪಟ್ಟಿ ಕಟ್ಟಿಕೊಟ್ಟದ್ದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ಆಯದ ಜೋಳವನ್ನು ಅಳೆಯಿಸಿಕೊಂಡು ಹೋಗುತ್ತಿದ್ದರು. ಈ ಏರ್ಪಾಟಿನಲ್ಲಿ ಜಾತಿಯ ಬಿಗಿಯೂ ದರ್ಪವೂ ಎಷ್ಟಿದ್ದುವೆಂಬುದನ್ನು ಮರೆತು ಅದನ್ನು ಹೊಗಳುವುದು ನನಗೆ ಒಪ್ಪಿಗೆಯಲ್ಲ. ಆದರೆ ಅದರಲ್ಲಿದ್ದ ಒಂದು ಯುಕ್ತಿಯನ್ನು ಕಾಣದಿರುವುದೂ ಸರಿಯಲ್ಲ. ಕಂಬಾರನಿಗೆ ದೊರೆಯುತ್ತಿದ್ದುದು ನೇಗಿಲು ಮುರಿದುದಕ್ಕಲ್ಲ, ಅದು ಮುರಿಯದೆ ನಡೆದುದಕ್ಕೆ. ಇಂದಿನ ರಿಪೇರಿಯವನು ಕೆಟ್ಟ ಯಂತ್ರವನ್ನು ಕಾಯಬೇಕು; ಯಂತ್ರ ಕೆಡದಿದ್ದರೆ ಅವನ ಮನೆಯ ಒಲೆ ಉರಿಯದು. ದೊಡ್ಡ ಕಚೇರಿಗಳು ಮಾತ್ರ ತಮ್ಮ ಗಣಕಗಳಿಗೆ ವಾರ್ಷಿಕ ನಿರ್ವಹಣೆಯ ಕರಾರು ಬರೆದುಕೊಟ್ಟು, ಗೊತ್ತಿಲ್ಲದೆಯೇ ಆ ಹಳೆಯ ಆಯಕ್ಕೆ ಹಿಂದಿರುಗಿವೆ.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದರಾಸು ರೈಲ್ವೆಯೂ ರಾಯಚೂರಿನಲ್ಲಿ ಸಂಧಿಸಿದುವು. ಮೂರು ವರ್ಷಗಳ ತರುವಾಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ತೆರೆದಾಗ, ವಾಡಿಯಲ್ಲಿ ಗಾಡಿ ಬದಲಿಸಿ ರಾಜಧಾನಿಯಾದ ಹೈದರಾಬಾದನ್ನು ಸೇರುವ ಅನುಕೂಲ ನಿಜಾಮರ ಆಳಿಕೆಯಲ್ಲಿದ್ದ ಈ ಊರಿಗೆ ಒದಗಿತು. ಹತ್ತಿಯ ವ್ಯಾಪಾರ ಬೆಳೆದು, ಅರಳೆ ಬಿಡಿಸುವ ಗಿರಣಿಗಳು ನಿಂತು, ಅವುಗಳ ಹಿಂದೆ ಎಂಜಿನ್ನುಗಳೂ, ಎಂಜಿನ್ನುಗಳ ಹಿಂದೆ ಅವುಗಳ ಕೆಮ್ಮು ಜ್ವರಗಳನ್ನು ಬಲ್ಲ ಮಿಸ್ತ್ರಿಗಳೂ ಬಂದರು. ಗಡಿಯಾರದ ರಿಪೇರಿಯೂ, ಹೊಲಿಗೆಯಂತ್ರದ ರಿಪೇರಿಯೂ, ಪೆಟ್ರೋಮ್ಯಾಕ್ಸಿನ ರಿಪೇರಿಯೂ ಈ ಪೇಟೆಯಲ್ಲಿ ಬೇರೂರಿದುವು. ಕಲಿಸುವವನು ಉಸ್ತಾದ, ಬಿಡಿಭಾಗ ಪುರ್ಜೆ, ಚೆನ್ನಾಗಿ ಬಲ್ಲವನು ಕಾರೀಗರ. ಮಾತು ಉರ್ದುವಿನದಾಗಿ, ಗಿರಾಕಿ ಕನ್ನಡ ತೆಲುಗುಗಳವನಾಗಿ, ಸಾಮಾನು ಹೈದರಾಬಾದಿನದಾಗಿ ಕಸುಬು ನಡೆಯಿತು. 1948ರ ಸಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ರಾಜಧಾನಿ ಬದಲಾದಷ್ಟು ಬೇಗ ಪುರ್ಜೆಯ ಪೇಟೆ ಬದಲಾಗುವುದಿಲ್ಲ. ಬೆಂಗಳೂರು ಬಹು ದೂರ, ಹೈದರಾಬಾದು ಅದರ ಅರ್ಧದಷ್ಟೇ ದೂರ. ಇಂದಿಗೂ ಲ್ಯಾಪ್‌ಟಾಪಿನ ಬೋರ್ಡೊಂದು ಬೇಕಾದರೆ ರಾಯಚೂರಿನವನ ನೆನಪಿಗೆ ಮೊದಲು ಬರುವುದು ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರು, ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆ.

ವಿದ್ಯುತ್ತಿನ ಯಂತ್ರವೊಂದು ಮಾತನಾಡದಿದ್ದಾಗ ಅದರ ದೋಷವನ್ನು ಹುಡುಕುವ ನಿಜವಾದ ಶಾಸ್ತ್ರ ಇಲ್ಲಿಗೆ ಬಂದದ್ದು ರೇಡಿಯೊದೊಡನೆ. 1930ರ ದಶಕದಲ್ಲಿ ನಿಜಾಮರ ಸರಕಾರವು ಹೈದರಾಬಾದಿನಿಂದ ಬಾನುಲಿಯ ಪ್ರಸಾರವನ್ನು ಕೈಗೊಂಡ ಮೇಲೆ, ಜಹಗೀರುದಾರರ ವಾಡೆಗಳಿಗೂ ವಕೀಲರ ಮನೆಗಳಿಗೂ ವಾಲ್ವಿನ ಪೆಟ್ಟಿಗೆಗಳು ಬಂದುವು. ಟ್ರಾನ್ಸಿಸ್ಟರು ಬಂದ ಮೇಲೆ ಹೊಲದ ಬದುವಿನವರೆಗೂ ಹೋದುವು. ವಾಲ್ವಿನ ರೇಡಿಯೊ ತನ್ನ ರೋಗವನ್ನು ಅರ್ಧಮರ್ಧ ತಾನೇ ಹೇಳುತ್ತಿತ್ತು: ಗಾಜಿನ ಬುರುಡೆಯೊಳಗಿನ ತಂತಿ ಕೆಂಪಾಗದಿದ್ದರೆ ಒಂದು ಕಾರಣ, ಕೆಂಪಾಗಿಯೂ ಮೌನವಾಗಿದ್ದರೆ ಇನ್ನೊಂದು, ಸುಟ್ಟ ಮೇಣದ ವಾಸನೆ ಬಂದರೆ ಮತ್ತೊಂದು. ಅನುಭವಿಯಾದವನು ಕೊನೆಯ ಹಂತದಿಂದ ಹಿಂದಕ್ಕೆ ಬರುತ್ತಿದ್ದನು. ಧ್ವನಿಯನ್ನು ಏರಿಳಿಸುವ ತಿರುಪಿನ ನಡುಗಾಲನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿದಾಗ ಸ್ಪೀಕರು ಗುಂಯ್‌ಗುಟ್ಟಿದರೆ, ಅಲ್ಲಿಂದ ಮುಂದಿನದೆಲ್ಲ ನೆಟ್ಟಗಿದೆ, ದೋಷವಿರುವುದು ಅದರ ಹಿಂದೆ. ಗುಂಯ್‌ಗುಟ್ಟದಿದ್ದರೆ ಹಿಂದಿನದನ್ನು ಸದ್ಯಕ್ಕೆ ಬಿಡಬಹುದು. ಹೀಗೆ ಒಂದೇ ಸ್ಪರ್ಶದಿಂದ ಯಂತ್ರದ ಅರ್ಧವನ್ನು ಸಂಶಯದ ಪಟ್ಟಿಯಿಂದ ಕಳೆಯುವ ಉಪಾಯವೇ ಈ ಕಸುಬಿನ ತಿರುಳು, ಮಿಕ್ಕದ್ದೆಲ್ಲ ಕೈಚಳಕ. ಆಯುರ್ವೇದದವರು ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನೆಗಳೆಂಬ ಮೂರು ಬಗೆಯಿಂದ ಪರೀಕ್ಷಿಸತಕ್ಕದ್ದೆಂದು ವಿಧಿಸಿದ್ದಾರೆ. ನಮ್ಮ ಪೇಟೆಯ ಉಸ್ತಾದರೂ ನೋಡಿ, ಮುಟ್ಟಿ, ಕೇಳಿಯೇ ಮುಂದುವರಿದರು. ವೈದ್ಯನಿಗೆ ಇಲ್ಲದ ಒಂದು ಸೌಕರ್ಯ ಮಾತ್ರ ಅವರಿಗಿತ್ತು: ರೋಗಿಯನ್ನು ಬಿಚ್ಚಿ ಹರವಿಟ್ಟು ಊಟಕ್ಕೆ ಹೋಗಿ ಬರಬಹುದಾಗಿತ್ತು.

ಇನ್ನು ದೂರದರ್ಶನದ ಕಥೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ಪರ್ಯಂತ ಭಾರತದ ಬಾಹ್ಯಾಕಾಶ ಸಂಸ್ಥೆಯು ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಆಕಾಶದಿಂದ ಚಿತ್ರವನ್ನು ಇಳಿಸುವ ಪ್ರಯೋಗವನ್ನು ನಡೆಸಿತು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿದ ಜಿಲ್ಲೆಗಳು ವಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಹಿಂದುಳಿದ ಜಿಲ್ಲೆಯೆಂದು ಎಲ್ಲ ವರದಿಗಳಲ್ಲಿಯೂ ಮರುಕಕ್ಕೆ ಪಾತ್ರವಾದ ರಾಯಚೂರಿನ ಹಳ್ಳಿಗರು ಅದಕ್ಕಿಂತ ಆರು ವರ್ಷ ಮುಂಚೆಯೇ, ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಕಟ್ಟಿದ, 3 ಮೀಟರು ಅಗಲದ ಬೋಗುಣಿಯ ಕೆಳಗೆ ಸಾರ್ವಜನಿಕ ಪೆಟ್ಟಿಗೆಯ ಮುಂದೆ ಕುಳಿತು ಕನ್ನಡದ ಕಾರ್ಯಕ್ರಮಗಳನ್ನು ನೋಡಿದರೆಂಬುದು ನಮ್ಮ ಚರಿತ್ರೆಯ ಸೊಗಸಾದ ವಕ್ರತೆಗಳಲ್ಲಿ ಒಂದು. ಆ ಕಪ್ಪು ಬಿಳುಪಿನ ಪೆಟ್ಟಿಗೆಗಳು ತಯಾರಾದದ್ದು ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯಲ್ಲಿ. ಕನ್ನಡದ ಕಾರ್ಯಕ್ರಮಗಳನ್ನು ಸಿದ್ಧಪಡಿಸುತ್ತಿದ್ದ ಕೇಂದ್ರವೂ ಅದೇ ಹೈದರಾಬಾದಿನಲ್ಲಿಯೇ ಇತ್ತು.

ಚಿತ್ರ ತೋರಿಸುವುದಕ್ಕಿಂತ ಪೆಟ್ಟಿಗೆಯನ್ನು ಬದುಕಿಸಿಡುವುದೇ ಆ ಪ್ರಯೋಗದ ಕಠಿನವಾದ ಭಾಗವಾಗಿದ್ದಿತು. ಮಣ್ಣಿನ ದಾರಿ, ಏರಿಳಿಯುವ ಕರೆಂಟು, ಎರೆಮಣ್ಣಿನ ಧೂಳು, ಪೆಟ್ಟಿಗೆಯೊಳಗೆ ಗೂಡು ಕಟ್ಟುವ ಹುಳುಗಳು, ಇವೆಲ್ಲದರ ನಡುವೆ ಜೀಪಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗತಕ್ಕ ತಂತ್ರಜ್ಞನಿಗೆ ಒಂದೊಂದು ಪುರ್ಜೆಯನ್ನು ಕುಳಿತು ಅಳೆಯುವಷ್ಟು ವ್ಯವಧಾನವಿರುವುದಿಲ್ಲ. ಹೊಲದ ನಡುವೆ ರೋಗದ ಸೂಕ್ಷ್ಮವನ್ನು ಹುಡುಕುವುದಕ್ಕಿಂತ ರೋಗಪೀಡಿತವಾದ ಭಾಗವನ್ನೇ ಬದಲಿಸಿ, ಕೆಟ್ಟದ್ದನ್ನು ಊರಿಗೆ ತಂದು ಸಾವಕಾಶವಾಗಿ ನೋಡುವುದು ಲೇಸೆಂಬ ವಿವೇಕವು ಇಂಥ ಕೆಲಸದಿಂದಲೇ ಹುಟ್ಟತಕ್ಕದ್ದು. ಉಪಗ್ರಹವು ಒಂದು ವರ್ಷದ ಗಡುವು ಮುಗಿದೊಡನೆ ಹಿಂದಿರುಗಿತು; 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರಕೇಂದ್ರ ಬಂದಿತು; 1980ರ ದಶಕದಲ್ಲಿ ಟೀವಿ ಮನೆಮನೆಯ ವಸ್ತುವಾಯಿತು. ರೇಡಿಯೊದ ಮೇಜಿನ ಮೇಲೆಯೇ ಟೀವಿ ಏರಿ ಕುಳಿತು, ಆಮೇಲೆ ಅದೇ ಮೇಜಿನ ಮೇಲೆ ಗಣಕಕ್ಕೂ ಎಡೆ ದೊರೆಯಿತು.

ಕರೆಂಟಿನ ಮಾತನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಅದಿಲ್ಲದೆ ಈ ಕಸುಬಿನ ಸ್ವಭಾವ ತಿಳಿಯದು. ರಾಯಚೂರು ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ, ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಮೊದಲನೆಯ ಘಟಕ 1985ರಲ್ಲಿ 210 ಮೆಗಾವ್ಯಾಟಿನೊಡನೆ ಪ್ರಾರಂಭವಾಗಿ, ಕಾಲಕ್ರಮದಲ್ಲಿ ಎಂಟು ಘಟಕಗಳಾಗಿ 1,720 ಮೆಗಾವ್ಯಾಟಿಗೆ ಏರಿತು. ರಾಜ್ಯವೆಲ್ಲ ಉರಿಸುವ ದೀಪಗಳಲ್ಲಿ ದೊಡ್ಡ ಪಾಲು ರಾಯಚೂರಿನ ಬೂದಿಯಿಂದ ಬಂದದ್ದು. 2013ರ ಡಿಸೆಂಬರ್ 31ರಂದು ದಕ್ಷಿಣದ ವಿದ್ಯುಜ್ಜಾಲವು ದೇಶದ ಮಿಕ್ಕ ಜಾಲದೊಡನೆ ಕೂಡಿ ಏಕವಾದದ್ದು ಕೂಡ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ತಂತಿಯ ಮೂಲಕವೇ. ಇಷ್ಟಾಗಿಯೂ ಅದೇ ಜಿಲ್ಲೆಯ ಹಳ್ಳಿಯ ತಂತಿಯ ತುದಿಯಲ್ಲಿ ಬಲ್ಬು ಬಹುಕಾಲ ಮಿಣುಕುತ್ತಲೇ ಉರಿಯಿತು. ಮಾನ್ವಿಯ ಭತ್ತದ ರೈತನಿಗೆ ಇದು ಅಪರಿಚಿತವಾದ ನ್ಯಾಯವಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ಕಟ್ಟಿದ ಮೇಲೆ ಎಡದಂಡೆಯ ಕಾಲುವೆ ಬಂದಿತಷ್ಟೆ. ಮೇಲ್ಭಾಗದವರು ಗೇಟು ತೆರೆದುಕೊಂಡಾಗ ಕೆಳಭಾಗದವರಿಗೆ ನೀರು ಎಟುಕದೆ ಹೋಗುವುದನ್ನು ಅವನು ತಲೆಮಾರುಗಳಿಂದ ಕಂಡಿದ್ದಾನೆ. ಪಂಪುಸೆಟ್ಟುಗಳೆಲ್ಲ ಒಮ್ಮೆಗೇ ಚಾಲೂ ಆದ ಹೊತ್ತಿನಲ್ಲಿ ಕೊನೆಯ ಕಂಬದ ಮನೆಯಲ್ಲಿ ಟೀವಿಯ ಚಿತ್ರ ಕುಗ್ಗಿಹೋದಾಗ ಅವನು ಟೀವಿಯನ್ನು ಬೈಯಲಿಲ್ಲ, ಪೇಟೆಗೆ ಹೋಗಿ ಸ್ಟೆಬಿಲೈಸರು ತಂದನು. ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿಗಳೂ ಸ್ಟೆಬಿಲೈಸರಿನ ಅಂಗಡಿಗಳೂ ಈ ಊರುಗಳಲ್ಲಿ ಗಣಕದ ಅಂಗಡಿಗಳಿಗೆ ಅಣ್ಣಂದಿರು.

ಮಾನ್ವಿ ದೇವದುರ್ಗಗಳಂಥ ತಾಲ್ಲೂಕಿನ ಊರುಗಳಿಗೆ ಗಣಕವು ಜನಸಾಮಾನ್ಯರ ಬದುಕಿಗೆ ಸಂಬಂಧಪಟ್ಟ ವಸ್ತುವಾಗಿ ಬಂದದ್ದು ಬಹುಮಟ್ಟಿಗೆ ತಹಸೀಲ್ದಾರರ ಕಚೇರಿಯ ಮೂಲಕ. ರಾಜ್ಯದ 177 ತಾಲ್ಲೂಕುಗಳಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿದ 'ಭೂಮಿ' ಯೋಜನೆಯು ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಜಾರಿಗೆ ಬಂದಾಗ, ಕೈಬರಹದ ಪಹಣಿಗೆ ಬೆಲೆಯಿಲ್ಲವಾಗಿ, 15 ರೂಪಾಯಿ ಕೊಟ್ಟು ಕಿಂಡಿಯಲ್ಲಿ ಮುದ್ರಿತವಾದ ಪಹಣಿಯನ್ನು ಪಡೆಯುವುದು ಕಡ್ಡಾಯವಾಯಿತು. ನಿಜಾಮರ ಕಾಲದ ಉರ್ದು ಕಾಗದಗಳನ್ನು ಓದಬಲ್ಲವರಿಗಾಗಿ ಅಲೆದಿದ್ದ ಸೀಮೆಯವರಿಗೆ ಇದು ದೊಡ್ಡ ಬದಲಾವಣೆಯೇ ಸರಿ. ಅಂದಿನಿಂದ ಯಂತ್ರವೊಂದು ಬೆಳಿಗ್ಗೆ ಎಚ್ಚರಗೊಳ್ಳುವುದೋ ಇಲ್ಲವೋ ಎಂಬುದು ರೈತನ ಬೆಳೆಸಾಲಕ್ಕೂ ಸಂಬಂಧಿಸಿದ ಪ್ರಶ್ನೆಯಾಯಿತು. ಇದೇ ಸುಮಾರಿಗೆ ಮದುವೆಯ ಪತ್ರಿಕೆ, ಭಿತ್ತಿಪತ್ರ, ಬಿಲ್ಲುಪುಸ್ತಕಗಳ ಡಿಟಿಪಿ ಕೇಂದ್ರಗಳು ತೆರೆದುವು. ಕನ್ನಡಕ್ಕೆ ನುಡಿ ಅಥವಾ ಬರಹ, ಉರ್ದುವಿಗೆ ಇನ್‌ಪೇಜ್, ತೆಲುಗಿಗೆ ಮತ್ತೊಂದು, ಹೀಗೆ ಮೂರು ಲಿಪಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹೊತ್ತುಕೊಂಡ ಯಂತ್ರಗಳು ರಾಯಚೂರಿನಂಥ ಊರಿನಲ್ಲಲ್ಲದೆ ಬೇರೆ ಕಡೆ ಅಪರೂಪ. ಹೊರಗಿನ ಶತ್ರುವಲ್ಲದೆ ಒಳಗಿನ ಶತ್ರುವೂ ಉಂಟೆಂಬುದನ್ನು ಭಾರತದ ಗಣಕಗಳಿಗೆ 1999ರ ಏಪ್ರಿಲ್ 26ರಂದು ಎರಗಿದ ಸಿಐಎಚ್ ವೈರಸ್ಸು ತೋರಿಸಿತ್ತು. ಅದು ಡಿಸ್ಕಿನ ಮೊದಲ ಭಾಗವನ್ನು ಅಳಿಸಿದುದಲ್ಲದೆ, ಕೆಲವು ಯಂತ್ರಗಳಲ್ಲಿ ಚಾಲೂ ಮಾಡುವ ಚಿಪ್ಪಿನ ಬರಹವನ್ನೇ ಕೆಡಿಸಿ, ಅವುಗಳನ್ನು ಎಚ್ಚರಿಸತಕ್ಕ ಧ್ವನಿಯನ್ನೇ ಕಸಿದುಕೊಂಡಿತು.

ಗುಂಡಿಯನ್ನೊತ್ತಿದ ಕ್ಷಣದಲ್ಲಿ ಗಣಕದೊಳಗೆ ನಡೆಯತಕ್ಕ ವಿಧಿಯನ್ನು 1981ರ ಐಬಿಎಂ ಪಿಸಿ ರೂಢಿಗೆ ತಂದಿತು. ಬಹುಕಾಲ ಬಹುಪಾಲು ಗಣಕಗಳು ಸ್ಥೂಲವಾಗಿ ಅದನ್ನೇ ಅನುಸರಿಸಿದುವು. ಮೊದಲು ವಿದ್ಯುತ್ತಿನ ಧಾರೆಗಳು ತಮ್ಮ ತಮ್ಮ ಮಟ್ಟಕ್ಕೆ ಏರಿ ನೆಲೆಗೊಳ್ಳಬೇಕು. ಅವು ನೆಲೆಗೊಂಡುವೆಂಬ ಸಂಕೇತ ಬರುವವರೆಗೆ ಪ್ರೊಸೆಸರನ್ನು ಏಳಗೊಡುವುದಿಲ್ಲ. ಆಮೇಲೆ ಅದು ಗೊತ್ತಾದ ಒಂದೇ ಒಂದು ವಿಳಾಸಕ್ಕೆ ಹೋಗಿ, ಅಲ್ಲಿ ಅಳಿಯದೆ ಉಳಿದಿರುವ ಬಯಾಸ್ ಎಂಬ ಸಣ್ಣ ಬರಹವನ್ನು ಓದಲಾರಂಭಿಸುತ್ತದೆ. ಆ ಬರಹದ ಅಪ್ಪಣೆಯಂತೆ ಸ್ಮೃತಿ ಸರಿಯಿದೆಯೇ, ಪರದೆ ಇದೆಯೇ, ಕೀಲಿಮಣೆ ಇದೆಯೇ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಪರದೆಯೇ ಇಲ್ಲದಿದ್ದರೆ ಪೀಂ ಪೀಂ ಎಂಬ ಸದ್ದಿನಿಂದ ಕೊರತೆಯನ್ನು ಸಾರಿ, ಎಲ್ಲವೂ ನೆಟ್ಟಗಿದ್ದರೆ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಎತ್ತಿಕೊಂಡು, ಅದರ ಕೊನೆಯ ಎರಡು ಬೈಟುಗಳ ಗುರುತು ಸರಿಯಾಗಿದ್ದರೆ ಮಾತ್ರ ರಾಜ್ಯಭಾರವನ್ನು ಅದಕ್ಕೆ ಒಪ್ಪಿಸುತ್ತದೆ. ವಿಂಡೋಸು ಬರುವುದು ಅದಾದ ಮೇಲೆ. ಆದುದರಿಂದ "ಚಾಲೂ ಆಗವಲ್ದು" ಎಂಬ ಒಂದೇ ದೂರಿನೊಳಗೆ ಹಲವು ಬೇರೆ ಬೇರೆ ವ್ಯಾಧಿಗಳು ಅಡಗಿರುತ್ತವೆ. ಯಾವ ಮೆಟ್ಟಿಲಿನಲ್ಲಿ ಯಂತ್ರ ಎಡವಿತೆಂಬುದನ್ನು ಮೊದಲು ಗೊತ್ತುಮಾಡುವವನೇ ಬಲ್ಲವನು.

ಅವನು ಮೊದಲು ಕೇಳುವುದು, "ನಿನ್ನೆ ಏನಾರ ಮಾಡಿದ್ರೇನಕ್ಕಾ?" ಎಂಬ ಪ್ರಶ್ನೆ. "ಏನೂ ಮಾಡಿಲ್ರೀ ಅಣ್ಣಾ" ಎಂಬ ಉತ್ತರವು ಮೂರೂ ಊರುಗಳಲ್ಲಿ ಮಂತ್ರದಂತೆ ಸ್ಥಿರವಾಗಿದೆ. ಚಹಾ ಚೆಲ್ಲಿದವರೂ ಅದನ್ನೇ ಹೇಳುತ್ತಾರೆ, ಮಂಚದಿಂದ ಬೀಳಿಸಿದವರೂ ಅದನ್ನೇ ಹೇಳುತ್ತಾರೆ. ಆ ಬಳಿಕ ಅವನು ಯಂತ್ರವನ್ನು ಮುಟ್ಟದೆ ಅಡಾಪ್ಟರನ್ನು ಮುಟ್ಟುತ್ತಾನೆ. ಮೀಟರಿನಲ್ಲಿ 19 ವೋಲ್ಟು ತೋರಿದರೂ ಅವನಿಗೆ ತೃಪ್ತಿಯಿಲ್ಲ, ಏಕೆಂದರೆ ಬರಿದಾಗಿದ್ದಾಗ 19 ತೋರುವ ಅಡಾಪ್ಟರು ಭಾರ ಬಿದ್ದೊಡನೆ ಕುಸಿಯುವುದುಂಟು. ತನ್ನ ಅಡಾಪ್ಟರನ್ನು ಚುಚ್ಚಿ ನೋಡುತ್ತಾನೆ, ಪಿನ್ನು ತೂರುವ ಜಾಕನ್ನು ಅಲುಗಿಸಿ ನೋಡುತ್ತಾನೆ. ಲ್ಯಾಪ್‌ಟಾಪಿನ ಅಡಾಪ್ಟರು 100 ವೋಲ್ಟಿನಿಂದ 240ರವರೆಗೂ ಸಹಿಸಿಕೊಳ್ಳುವಂತೆ ರಚಿತವಾದುದರಿಂದ, ಹಳೆಯ ಟೀವಿಯನ್ನು ಕೊಂದ ಕಡಿಮೆ ಕರೆಂಟು ಇದನ್ನು ಕೊಲ್ಲುವುದಿಲ್ಲ. ಹೋದ ಕರೆಂಟು ಒಮ್ಮೆಗೇ ಧುಮುಕಿ ಬರುವ ಗಳಿಗೆಯೇ ಇದಕ್ಕೆ ಗಂಡಾಂತರ. ತರುವಾಯ ಬ್ಯಾಟರಿಯನ್ನು ತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಬೋರ್ಡಿನ ಮೂಲೆಮೂಲೆಗಳಲ್ಲಿ ಉಳಿದ ವಿದ್ಯುತ್ತನ್ನು ಇಳಿಸುತ್ತಾನೆ. ಇಷ್ಟರಿಂದಲೇ ಎದ್ದು ಕುಳಿತು ಒಡೆಯನನ್ನು ನಾಚಿಸುವ ಯಂತ್ರಗಳು ಕಡಿಮೆಯೇನಲ್ಲ.

ಮುಂದಿನದು ಸ್ಮೃತಿಯ ಪಟ್ಟಿ. ಅದನ್ನು ಕಳಚಿ, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಹೊಂಬಣ್ಣದ ಹಲ್ಲುಗಳನ್ನು ಉಜ್ಜಿ, ಮತ್ತೆ ಕೂಡಿಸುವುದು ಈ ಕಸುಬಿನ ಅತಿ ಅಗ್ಗದ, ಅತಿ ಯಶಸ್ವಿಯಾದ ಚಿಕಿತ್ಸೆ. ಫ್ಯಾನು ತಿರುಗಿ ದೀಪ ಹೊತ್ತಿಯೂ ಪರದೆ ಕಪ್ಪಾಗಿದ್ದರೆ ಟಾರ್ಚಿನಿಂದ ಪರದೆಗೆ ಓರೆಯಾಗಿ ಬೆಳಕು ಬಿಡುತ್ತಾನೆ. ಮಸುಕು ಮಸುಕಾಗಿ ಚಿತ್ರ ಕಂಡರೆ ಗಣಕ ಜೀವಂತವಾಗಿದೆ, ಸತ್ತದ್ದು ಪರದೆಯ ಹಿಂದಿನ ಬೆಳಕು ಮಾತ್ರ. ರೇಡಿಯೊದವನು ಸ್ಕ್ರೂಡ್ರೈವರಿನಿಂದ ಮಾಡಿದ್ದನ್ನು ಇವನು ಟಾರ್ಚಿನಿಂದ ಮಾಡುತ್ತಿದ್ದಾನೆ. ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ 3 ವೋಲ್ಟಿನ ಬಿಲ್ಲೆಯ ಸೆಲ್ಲು ಮುಗಿದಿದೆಯೆಂದು ಅರ್ಥ. ಡಿಸ್ಕು ಟಿಕ್ ಟಿಕ್ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದರೆ ಮಾತ್ರ ಅವನು ಕೂಡಲೆ ಕರೆಂಟನ್ನು ತೆಗೆದು, "ಇದರಾಗ ಬೇಕಾದ್ದು ಏನೈತ್ರೀ?" ಎಂದು ಮುಖ ಗಂಭೀರ ಮಾಡಿಕೊಂಡು ಕೇಳುತ್ತಾನೆ.

ಬಿಸಿಲಿನ ವಿಚಾರ ಬೇರೆಯೇ ಒಂದು ಅಧ್ಯಾಯ. ಲ್ಯಾಪ್‌ಟಾಪುಗಳನ್ನು ತಯಾರಕರು ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್ಸಿನವರೆಗಿನ ಹವೆಗೆ ಒಪ್ಪುವಂತೆ ವಿಧಿಸಿರುತ್ತಾರೆ. ರಾಯಚೂರಿನಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಪಾದರಸ 44ನ್ನು ಮುಟ್ಟುವುದುಂಟು. ಎಂದರೆ ಬೇಸಗೆಯುದ್ದಕ್ಕೂ ಈ ಊರಿನ ಯಂತ್ರಗಳೆಲ್ಲ ತಯಾರಕನ ಪುಸ್ತಕದ ಹೊರಗೆ ಬದುಕುತ್ತವೆ. ಅರಳೆಯ ಎಳೆಯೂ ಎರೆಯ ಧೂಳೂ ಕೂಡಿ ಫ್ಯಾನಿನ ಬಾಯಿಯಲ್ಲಿ ಮೆತ್ತನೆಯ ಕಂಬಳಿಯನ್ನು ನೆಯ್ದಿರುತ್ತವೆ. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟು ಒಣಗಿ ಸುಣ್ಣದಂತಾಗಿರುತ್ತದೆ. ಬೆಳಿಗ್ಗೆ ನೆಟ್ಟಗೆ ಚಾಲೂ ಆಗಿ, ಹತ್ತು ನಿಮಿಷದಲ್ಲಿ ತಾನಾಗಿ ಆರಿ, ತಣಿದ ಮೇಲೆ ಮತ್ತೆ ಚಾಲೂ ಆಗುವ ಯಂತ್ರದ ದೋಷ ಬಹುತೇಕ ಇದೇ. ಹೊಸ ವಿಂಡೋಸು ಹಾಕಿದರೆ ಇದು ಗುಣವಾಗುವುದಿಲ್ಲ. ಬ್ರಷ್ಷು, ಊದುವ ಯಂತ್ರ, ಒಂದಿಷ್ಟು ಹೊಸ ಪೇಸ್ಟು ಸಾಕು.

ಈ ಕಸುಬಿನ ಪಾಪಗಳನ್ನೂ ಹೇಳದೆ ಬಿಡಬಾರದು. ಎಲ್ಲ ರೋಗಕ್ಕೂ ಫಾರ್ಮ್ಯಾಟು ಹೊಡೆಯುವುದು ಅವುಗಳಲ್ಲಿ ಮೊದಲನೆಯದು. ಎಕ್ಸ್‌ಪಿಯಲ್ಲಿ ಎನ್‌ಟಿಎಲ್‌ಡಿಆರ್ ಇಲ್ಲವೆಂದೋ, ವಿಂಡೋಸ್ 7ರಲ್ಲಿ ಬೂಟ್‌ಎಂಜಿಆರ್ ಇಲ್ಲವೆಂದೋ ಬರುವ ಕರಿಯ ಪರದೆಯ ಸಾಲನ್ನು ಕೆಲವು ನಿಮಿಷಗಳಲ್ಲಿ ಸರಿಪಡಿಸಬಹುದಾಗಿರುವಲ್ಲಿ, ಡಿಸ್ಕನ್ನು ಒರೆಸಿ ಹೊಸದಾಗಿ ತುಂಬಿಕೊಟ್ಟು, ಗಿರಾಕಿಯ ಪ್ರಬಂಧವನ್ನೂ ಮದುವೆಯ ಚಿತ್ರಗಳನ್ನೂ ಗಾಳಿಗೆ ತೂರಿದವರು ಉಂಟು. ಡಿಸ್ಕನ್ನು ಹೊರತೆಗೆದು ಇನ್ನೊಂದು ಗಣಕಕ್ಕೆ ಸಿಕ್ಕಿಸಿ ಮೊದಲು ಕಡತಗಳನ್ನು ಇಳಿಸಿಕೊಳ್ಳುವವನು ನನ್ನ ದೃಷ್ಟಿಯಲ್ಲಿ ಮಿಕ್ಕ ಯಾವ ಚಮತ್ಕಾರ ಮಾಡುವವನಿಗಿಂತಲೂ ಮಿಗಿಲು. ಎರಡನೆಯ ಪಾಪ ಬಿಸಿಗಾಳಿಯದು. 2006ರ ಜುಲೈಯಿಂದ ಯುರೋಪಿನ ಕಟ್ಟಳೆಯಂತೆ ಬೆಸುಗೆಯಿಂದ ಸೀಸವು ಹೊರಬಿದ್ದಿತು. ಸೀಸ ಬೆರೆತ ಬೆಸುಗೆ 183 ಡಿಗ್ರಿಯಲ್ಲಿ ಕರಗಿದರೆ ಹೊಸದು ಕರಗುವುದಕ್ಕೆ 217ರ ಸುಮಾರು ಬೇಕು, ಎಂದರೆ ಅದಕ್ಕೆ ಹಿಡಿಯುವ ಗಾಳಿಯೂ ಇನ್ನಷ್ಟು ಬಿಸಿಯಾಗಬೇಕು. ಇದೇ ಕಾಲದ ಕೆಲವು ಎನ್‌ವಿಡಿಯಾ ಚಿತ್ರ-ಚಿಪ್ಪುಗಳು ಕಾದು ತಣಿದು ಕಾದು ತಣಿದು ಒಳಗೇ ಬಿರುಕುಬಿಟ್ಟು, ಲೋಕದಾದ್ಯಂತ ಲ್ಯಾಪ್‌ಟಾಪುಗಳ ಪರದೆ ಕಪ್ಪಾದುವು. ಕಂಪನಿಯು 2008ರಲ್ಲಿ ಅದರ ನಷ್ಟವನ್ನು ಒಪ್ಪಿಕೊಂಡಿತು. ಚಿಪ್ಪಿಗೆ ಹೀಟ್‌ಗನ್ನು ಹಿಡಿದರೆ ಚಿತ್ರ ಮರಳುತ್ತಿತ್ತು, ನಿಜ. ಆದರೆ ಬಿರುಕಿರುವುದು ಚಿಪ್ಪಿನೊಳಗೆ, ಬೋರ್ಡಿನ ಬೆಸುಗೆಯಲ್ಲಲ್ಲ. ಕೆಲವು ವಾರಗಳಲ್ಲಿ ಕತ್ತಲೆ ಹಿಂದಿರುಗುತ್ತಿತ್ತು, ಅಷ್ಟರಲ್ಲಿ ಕೂಲಿ ಸಂದಾಯವಾಗಿರುತ್ತಿತ್ತು.

ದೇವದುರ್ಗದಲ್ಲಿ ಅಡಾಪ್ಟರು, ಕೀಲಿಮಣೆ, ವಿಂಡೋಸುಗಳಿಗೆ ಮೀರಿದ ಕೆಲಸ ಬಂದರೆ ಯಂತ್ರವು ಬಸ್ಸಿನಲ್ಲಿ ರಾಯಚೂರಿಗೆ ಹೋಗುತ್ತದೆ. ರಾಯಚೂರಿನಲ್ಲಿ ಬೋರ್ಡಿನ ಚಿಪ್ಪು ಬದಲಿಸುವ ಉಪಕರಣವಿಲ್ಲದಿದ್ದರೆ ಸಿಕಂದರಾಬಾದಿಗೆ. ಕಂಪನಿಗಳು ಬಿಟ್ಟ ಹಳೆಯ ಯಂತ್ರಗಳು ಈ ಊರುಗಳಿಗೆ ಮಾರಾಟಕ್ಕೆ ಬರುವುದೂ ಅದೇ ಹಾದಿಯಿಂದ. ಮೂಲ ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಯಂತ್ರವೂ ಚುರುಕಾಗಿ ಏಳುತ್ತದೆಂಬುದು ಗೊತ್ತಾದ ಮೇಲೆ ಈ ವ್ಯಾಪಾರಕ್ಕೆ ಮತ್ತೊಂದು ಹರೆಯ ಬಂದಿದೆ. ಆದರೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಆರೈಕೆ ಮುಗಿದು, ಹೊಸ ವಿಂಡೋಸು ಹಳೆಯ ಪ್ರೊಸೆಸರುಗಳನ್ನು ಒಲ್ಲೆನೆಂದುದರಿಂದ, ನೆಟ್ಟಗೆ ಚಾಲೂ ಆಗುವ ಯಂತ್ರವೇ ಮುಪ್ಪಿನದೆಂದು ಸಾರಲ್ಪಟ್ಟಿದೆ. ಹೊಸ ಯಂತ್ರಗಳಲ್ಲೋ ಸ್ಮೃತಿಯನ್ನೂ ಹಲವೆಡೆ ಬೋರ್ಡಿಗೇ ಬೆಸೆದಿರುವುದರಿಂದ ರಬ್ಬರಿನ ಚಿಕಿತ್ಸೆಗೆ ಅವಕಾಶವಿಲ್ಲ. ಈಗಿನ ಶಿಷ್ಯರಲ್ಲಿ ಅನೇಕರು ಸಿಸಿ ಕ್ಯಾಮೆರಾ ಕಟ್ಟುವುದರ ಕಡೆಗೂ ಮೊಬೈಲಿನ ಕಡೆಗೂ ತಿರುಗಿದ್ದಾರೆ.

ಬಿಡದೆ ಬರುವ ಗಿರಾಕಿಯೆಂದರೆ ಹಳೆಯ ಡಿಟಿಪಿಯವನು. ಅವನ ಪೇಜ್‌ಮೇಕರ್ 7 ಹೊರಬಂದದ್ದು 2001ರಲ್ಲಿ, ಅದಾದ ಮೇಲೆ ಅದಕ್ಕೆ ಹೊಸ ಆವೃತ್ತಿಯಿಲ್ಲ. ಎರಡು ದಶಕಗಳ ಮದುವೆಪತ್ರಿಕೆಗಳು, ತೇರಿನ ಭಿತ್ತಿಪತ್ರಗಳು, ಸಂಘಗಳ ವರದಿಗಳು ಎಲ್ಲವೂ ಯೂನಿಕೋಡಿಗೆ ಮುಂಚಿನ ನುಡಿಯ ಅಕ್ಷರಗಳಲ್ಲಿವೆ, ಹೊಸ ಯಂತ್ರದಲ್ಲಿ ತೆರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. 2014ರ ಏಪ್ರಿಲಿನಲ್ಲಿಯೇ ಕಂಪನಿಯು ಕೈಬಿಟ್ಟ ಎಕ್ಸ್‌ಪಿಯೇ ಅವನಿಗೆ ಬೇಕು, ಅದೂ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿಯೇ ಬೇಕು. ಅದಕ್ಕೆ ಒಪ್ಪುವ ಹಳೆಯ ಬಗೆಯ ಡಿಸ್ಕು ಈಗ ಪೇಟೆಯಲ್ಲಿ ಅಪರೂಪವಾದುದರಿಂದ, ಸಿಕಂದರಾಬಾದಿನ ಗುಜರಿಯಿಂದ ಹುಡುಕಿಸಿ ತರಿಸಬೇಕು. ಅದರ ಬೆಲೆ ಕೆಲವೊಮ್ಮೆ ಯಂತ್ರದ ಬೆಲೆಯನ್ನೇ ಮೀರುತ್ತದೆ. ಮದುವೆಯ ಹಂಗಾಮು ಹತ್ತಿರವಾದಾಗ ಅವನು ಆ ಬೆಲೆಯನ್ನು ಚೌಕಾಶಿ ಮಾಡದೆ ಕೊಡುತ್ತಾನೆ.